ಜಿರಳೆ ಮೇಡಂ

ಮಕ್ಕಳ ಆಸ್ಪತ್ರೆಯ ಹಿಂಭಾಗದಲ್ಲಿ, ಶೌಚಾಲಯಕ್ಕೆ ಅಂಟಿಕೊಂಡಿದ್ದ ಕೋಣೆಯೇ ಆಕೆಯ ಕಚೇರಿ. ಬಾಗಿಲ ಮೇಲೆ ‘ಆಪ್ತಸಮಾಲೋಚಕಿ’ ಎಂಬ ಫಲಕವಿದ್ದರೂ ಮಕ್ಕಳ ಬಾಯಲ್ಲಿ ಆಕೆ ಜಿರಳೆ ಮೇಡಂ. ಜಿರಳೆ ಕಂಡರೆ ಕಿಟಾರನೆ ಕಿರುಚುತ್ತಿದ್ದ ಮಗುವೊಂದಕ್ಕೆ ಧೈರ್ಯ ಬರಲೆಂದು ಒಮ್ಮೆ ಜಿರಳೆಯೊಂದನ್ನು ತನ್ನ ಅಂಗೈ ಮೇಲೆ ಓಡಾಡಲು ಬಿಟ್ಟಿದ್ದಳು. ಮಗು ಮನೆಗೆ ಹೋದ ಮೇಲೆ ಪಕ್ಕದ ಶೌಚಾಲಯದಲ್ಲಿ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಕೊಂಡದ್ದು ಯಾರಿಗೂ ಗೊತ್ತಿಲ್ಲ. ಹೇಸಿಗೆ ಆಕೆಗೆ ಹುಟ್ಟುಗುಣ. ಬಸ್ಸಿನ ಕಂಬಿ ಹಿಡಿಯಲೂ ಸೆರಗು ಬೇಕಿತ್ತು. ‘ನಿನ್ನಂಥವಳು ಈ ಕೆಲಸಕ್ಕೆ ಹೇಗೆ ಬಂದೆಯೇ?’ ಎಂದು ಅಕ್ಕ ರೇಗಿಸಿದರೆ, ‘ಮುಳ್ಳನ್ನು ಮುಳ್ಳಿನಿಂದಲೇ ತೆಗೀಬೇಕಲ್ಲ’ ಎನ್ನುತ್ತಿದ್ದಳು.

ಆ ವರ್ಷ ಎಂಟನೇ ತರಗತಿಯ ಹುಡುಗಿಯೊಬ್ಬಳು ಬಂದಳು. ಅವಳಪ್ಪನದು ಸ್ನಾನದ ಮನೆಯ ಸಾಮಾನುಗಳ ಅಂಗಡಿ. ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುವ ನಲ್ಲಿ, ಬೇಸಿನ್ನು, ಕಮೋಡುಗಳ ವ್ಯಾಪಾರ. ಮಗಳ ಕೈಗಳು ಮಾತ್ರ ನೆನೆದು ಒಣಗಿದ ಚರ್ಮದಂತೆ ಬಿರುಕು ಬಿಟ್ಟಿದ್ದವು, ಗೆಣ್ಣುಗಳಲ್ಲಿ ರಕ್ತ ಜಿನುಗುತ್ತಿತ್ತು. ಏನು ಮುಟ್ಟಿದರೂ ತೊಳೆಯಬೇಕು, ತೊಳೆದ ಮೇಲೆ ನಲ್ಲಿ ಮುಟ್ಟಿದ್ದಕ್ಕೆ ಮತ್ತೆ ತೊಳೆಯಬೇಕು.

“ತೊಳೀದಿದ್ರೆ ಏನಾಗುತ್ತೆ ಪುಟ್ಟಿ?”

“ಅಮ್ಮಂಗೆ ರೋಗ ಅಂಟುತ್ತೆ. ಸತ್ತೋಗ್ತಾಳೆ.”

ಯೋಚನೆ, ಭಯ, ಕೈ ತೊಳೆಯುವುದು ಮೂರೂ ಒಂದಕ್ಕೊಂದು ಗಂಟು ಬಿದ್ದಿದ್ದವು. ಎಳೆದಷ್ಟೂ ಬಿಗಿಯುವ ಗಂಟು ಅದು, ಮೆಲ್ಲಗೆ ಸಡಿಲಿಸಬೇಕು. ಹುಡುಗಿಯೇ ತನ್ನ ಭಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿಕೊಂಡಳು. ಕೆಳಗಿನ ಮೆಟ್ಟಿಲು ಬಾಗಿಲ ಚಿಲಕ, ತುತ್ತತುದಿಯದು ಕಸದ ಡಬ್ಬ. ಚಿಲಕ ಮುಟ್ಟಿದ ದಿನ ಇಬ್ಬರೂ ಕೈ ತೊಳೆಯದೆ ಕೂತರು. ಹುಡುಗಿ ಗಡಗಡ ನಡುಗಿದಳು, ಅತ್ತಳು, ಆಮೇಲೆ ಆಕಳಿಸಿದಳು. ಭಯ ತಾನಾಗಿಯೇ ಇಳಿದದ್ದರ ಗುರುತಾದ ಆ ಆಕಳಿಕೆ ಕಂಡು ಮೇಡಂಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಪ್ಪನಿಗೆ ಇದು ಬಸವನಹುಳುವಿನ ನಡಿಗೆ ಅನಿಸಿತು. ಒಂದು ದಿನ ಮಗಳನ್ನು ಬಿಟ್ಟು ಒಬ್ಬನೇ ಬಂದ, ಫೋನು ಮುಂದೆ ಹಿಡಿದ.

“ನೋಡಿ ಮೇಡಂ, ನೀವು ತಿಂಗಳುಗಟ್ಲೆ ಎಳೆಯೋದನ್ನ ನಾನು ಒಂದೇ ಏಟಿಗೆ ಮುಗಿಸ್ಬಿಟ್ಟೆ!”

ವಿಡಿಯೊದಲ್ಲಿ ಅವನು ಮಗಳ ರಟ್ಟೆ ಹಿಡಿದು ಅವಳ ಕೈಯನ್ನು ಅಡುಗೆಮನೆಯ ಕಸದ ಡಬ್ಬಕ್ಕೆ ಮೊಣಕೈವರೆಗೆ ಅದುಮಿದ್ದ. ಕೊಳೆತ ಸಿಪ್ಪೆ, ಹಳಸಿದ ಅನ್ನ, ಬಿಳಿ ಹುಳು. ಹುಡುಗಿಯ ಬಾಯಿ ತೆರೆದಿತ್ತು, ದನಿ ಹೊರಡುತ್ತಿರಲಿಲ್ಲ. ಹಿಂದಿನಿಂದ ಯಾರೋ, “ಮುಖಕ್ಕೂ ಹಚ್ಚೋ, ಫೇಶಿಯಲ್ ಆಗ್ಲಿ!” ಎಂದರು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನೆಂಟರ ಗುಂಪಿಗೆಲ್ಲ ಅದನ್ನು ಕಳಿಸಿದ್ದನಂತೆ. ಕೆಳಗೆ ಸಾಲು ಸಾಲು ನಗುವ ಮುಖಗಳು.

ಮೇಡಂನ ಗಂಟಲಿಗೆ ಪಿತ್ತ ಉಕ್ಕಿ ಬಂತು. ಹುಳು ಕಂಡಲ್ಲ. ಆ ಡಬ್ಬವನ್ನು ಬೇಕಾದರೆ ಬರಿಗೈಯಲ್ಲಿ ತೊಳೆದಾಳು, ಎದುರಿಗಿದ್ದವನ ಉಸಿರು ಸೋಕುವುದು ಮಾತ್ರ ಆಕೆಗೆ ತಡೆಯಲಾಗಲಿಲ್ಲ. ಕುರ್ಚಿ ಹಿಂದಕ್ಕೆ ಸರಿಸಿದಳು.

“ನೀವು ಮಾಡ್ಸೋದನ್ನೇ ತಾನೇ ನಾನೂ ಮಾಡ್ಸಿದ್ದು?” ಎಂದ ಅವನು.

“ನಾನು ಏನೂ ಮಾಡ್ಸಿಲ್ಲ ಸ್ವಾಮಿ, ಅವಳೇ ಮಾಡ್ತಿದ್ಲು. ನೀವು ಮಾಡಿದ್ದಕ್ಕೆ ಹಿಂಸೆ ಅಂತಾರೆ. ಮೊದ್ಲು ಆ ವಿಡಿಯೊ ಅಳಿಸಿ. ಮಕ್ಕಳ ರಕ್ಷಣಾ ಕಚೇರಿಗೆ ನಾನು ತಿಳಿಸ್ತೀನಿ, ಅದನ್ನೂ ನಿಮ್ಮೆದುರಿಗೇ ಹೇಳ್ತಿದ್ದೀನಿ.”

ಅವನು ನೆಟ್ಟಗೆ ಆಸ್ಪತ್ರೆಯ ಮುಖ್ಯಸ್ಥರ ಬಳಿ ಹೋದ. ಅವರು ಆಕೆಯನ್ನು ಕರೆಸಿ, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವರಂತೆ, “ದೊಡ್ಡ ಮನುಷ್ಯ, ಅಪ್ಪ ತಾನೇ, ಏನೋ ತಮಾಷೆಗೆ... ಸ್ವಲ್ಪ ಸುಧಾರಿಸ್ಕೊಂಡು ಹೋಗಿಯಮ್ಮ” ಎಂದರು. ಮಾತಾಡುತ್ತಲೇ ಅವನು ಕಳಿಸಿದ್ದ ಆ ವಿಡಿಯೊ ಇನ್ನೊಮ್ಮೆ ನೋಡಿ ಮುಸಿಮುಸಿ ನಕ್ಕರು. ಆಕೆ ಎದ್ದು ಬಂದು ಮಕ್ಕಳ ರಕ್ಷಣಾ ಕಚೇರಿಗೆ ದೂರು ಕಳಿಸಿದಳು. ಅಂದಿನಿಂದ ಅವರು ಎದುರಾದರೆ ದಾರಿ ಬದಲಿಸುತ್ತಿದ್ದಳು, ಚರಂಡಿ ಕಂಡವರ ಹಾಗೆ.

ಹುಡುಗಿ ಬರುವುದನ್ನೇ ಬಿಟ್ಟಳು. ಮಾತು ಬಿಟ್ಟಳು, ಊಟ ಬಿಟ್ಟಳು, ನಲ್ಲಿಯ ಕೆಳಗೇ ಕೂತಳು. ಅದುವರೆಗೆ ಗಂಡನ ಹಿಂದೆ ನೆರಳಿನಂತೆ ನಿಲ್ಲುತ್ತಿದ್ದ ತಾಯಿ ಒಂದು ಬೆಳಿಗ್ಗೆ ಮಗಳ ಬಟ್ಟೆಬರೆ ಚೀಲಕ್ಕೆ ತುಂಬಿಕೊಂಡು, ಅವಳನ್ನು ಕರೆದುಕೊಂಡು ತನ್ನ ತಂಗಿಯ ಮನೆಗೆ ಹೊರಟೇಬಿಟ್ಟಳು. “ಮೇಡಂ, ಇಲ್ಲಿಗೇ ಬರ್ತೀರಾ?” ಎಂದು ಅಲ್ಲಿಂದ ಫೋನು ಮಾಡಿದಳು.

ಹುಡುಗಿ ಚಿಕ್ಕಮ್ಮನ ಮನೆಯ ಮಂಚದ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಮೇಡಂ ಬಂದು ಎದುರು ಕೂತ ಮೇಲೆ ಕೇಳಿದಳು: “ನೀವೂ ನೋಡಿದ್ರಾ ಅದನ್ನ? ಅಸಹ್ಯ ಆಯ್ತಾ?”

“ಆಯ್ತು ಪುಟ್ಟಿ. ತುಂಬಾ.”

“ನಾನೇ ಅಸಹ್ಯ. ಅದಕ್ಕೇ ಎಲ್ರೂ ನಗ್ತಾರೆ.”

ಸಮಾಧಾನದ ಮಾತು ಮೇಡಂನ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡಳು. ಇಂಥ ಯೋಚನೆಯನ್ನು ಹೊರಗಿನವರು ತಳ್ಳಿದರೆ ಹೋಗುವುದಿಲ್ಲ, ಹೊತ್ತವರೇ ತಿರುವಿ ನೋಡಬೇಕು. “ಸರಿ, ಪರೀಕ್ಷೆ ಮಾಡೋಣ. ಆ ವಿಡಿಯೊದಲ್ಲಿ ಎಷ್ಟು ಜನ ಇದ್ರು, ಒಬ್ಬೊಬ್ರೂ ಏನ್ಮಾಡ್ತಿದ್ರು, ನೀನೇ ಹೇಳು.”

ಹುಡುಗಿ ತಡೆದು ತಡೆದು ಹೇಳಿದಳು. ಅಪ್ಪ ಕೈ ಅದುಮುತ್ತಿದ್ದ. ‘ಮುಖಕ್ಕೂ ಹಚ್ಚೋ’ ಎಂದು ದೊಡ್ಡಮಾಮ ಕೂಗುತ್ತಿದ್ದ. ಅತ್ತೆ ನಗುತ್ತಿದ್ದಳು. ತಾನು ಬಿಡಿಸಿಕೊಳ್ಳಲು ನೋಡುತ್ತಿದ್ದಳು.

“ಇದ್ರಲ್ಲಿ ಗಲೀಜು ಕೆಲಸ ಯಾವುದು?”

ಅವಳು ಬೆರಳು ಮಡಿಸುತ್ತ ಒಬ್ಬೊಬ್ಬರನ್ನೇ ಮತ್ತೆ ಎಣಿಸಿದಳು. ಕೊನೆಗೆ, “ನಂದಲ್ಲ” ಎಂದಳು, ಮೊದಲ ಸಲ ಜೋರಾಗಿ ಅತ್ತಳು. ತಾಯಿ ಬಾಗಿಲ ಬಳಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಮತ್ತೆ ಚಿಲಕದ ಮೆಟ್ಟಿಲಿನಿಂದಲೇ ಶುರು ಮಾಡಬೇಕಾಯಿತು. ರಕ್ಷಣಾ ಕಚೇರಿಯವರು ಅಪ್ಪನನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಂಡರು. ಅವನು ವಿಡಿಯೊ ಅಳಿಸಿದ, ಆದರೆ ನೆಂಟರ ಫೋನುಗಳಲ್ಲಿ ಅದು ಉಳಿದೇ ಉಳಿಯಿತು. ಅಂಗಡಿ ಹೊಳೆಯುತ್ತಲೇ ಇದೆ. ಅದರ ಮುಂದೆ ಹಾಯುವಾಗಲೆಲ್ಲ ಮೇಡಂ ಮೂಗಿಗೆ ಸೆರಗು ಹಿಡಿಯುತ್ತಾಳೆ.

ಮುಂದಿನ ವರ್ಷ ಬಂಧುಗಳ ಮದುವೆಯೊಂದರಲ್ಲಿ ದೊಡ್ಡಮಾಮ ಎಲ್ಲರೆದುರು ಎಂಜಲೆಲೆ ಚಾಚಿ, “ಮುಟ್ಟೇ ನೋಡೋಣ” ಎಂದನಂತೆ. ಹುಡುಗಿ ಅವನನ್ನೇ ದಿಟ್ಟಿಸಿ, “ನಿಮ್ಮ ಎಂಜಲು ನೀವೇ ಎತ್ತಿ ಮಾಮ” ಎಂದು ಹೊರಟುಹೋದಳಂತೆ. ಮೇಡಂನ ಕೋಣೆಯಲ್ಲಿ ಕೂತು ಇದನ್ನೆಲ್ಲ ಹೇಳಿ, ಕಣ್ಣು ತಗ್ಗಿಸಿದಳು.

“ಆದ್ರೆ ಮೇಡಂ, ಆಮೇಲೆ ತುಂಬಾ ಹೊತ್ತು ಕೈ ತೊಳ್ಕೊಂಡೆ.”

“ಆಗ್ಲಿ ಬಿಡು. ತೊಳ್ಕೊಂಡ ಮೇಲೆ?”

“ಊಟಕ್ಕೆ ಕೂತೆ. ಹಸಿವಾಗಿತ್ತು.”