ರುದ್ರವ್ವ ಕ್ಲಚ್ ಕಲಿತದ್ದು

ನಮ್ಮ ಫ್ಲ್ಯಾಟುಗಳ ಸೊಸೈಟಿಯಲ್ಲಿ ಹಟಮಾರಿಗಳಿಗೆ ಬರವಿಲ್ಲ. ನೀರಿನ ಟ್ಯಾಂಕರ್ ಬಂದ ದಿನ ಗೇಟಿನ ಬಳಿ ನಿಂತರೆ ಎಲ್ಲರ ದರ್ಶನವೂ ಒಟ್ಟಿಗೇ ಆಗುತ್ತದೆ. ಆದರೆ ಕೆಳಗಿನ ಮನೆಯ ರುದ್ರವ್ವನ ಹಟದ ಜಾತಿಯೇ ಬೇರೆ. ಅವಳು ದನಿ ಏರಿಸುವುದಿಲ್ಲ, ವಾದಕ್ಕೂ ನಿಲ್ಲುವುದಿಲ್ಲ. ಬಾಯಿ ಮುಚ್ಚಿಕೊಂಡು ತನಗೆ ಬೇಕಾದದ್ದನ್ನು ಮಾಡಿಬಿಡುತ್ತಾಳೆ. ಕಾರ್ಕಳದ ಕಡೆಯಿಂದ ಸೊಸೆಯಾಗಿ ಡೊಂಬಿವಲಿಗೆ ಬಂದ ನಾನು, ರತ್ನಾವತಿ, ಬಾಯಿಯಿಂದಲೇ ಬದುಕಿದವಳು. ಹಾಗಾಗಿ ಅವಳನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಹೊಟ್ಟೆಕಿಚ್ಚು, ಬಹಳ ಪ್ರೀತಿ.

ಅವಳದು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಕಡೆ. ಮನೆಯಲ್ಲೇ ಮಷೀನು ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ಗಂಡ ಅಪ್ಪಾಸಾಹೇಬರು ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮೇಲಿದ್ದರು. ಒಂದು ದಿನ ಕಬ್ಬಿಣದ ಪ್ಲೇಟು ಜಾರಿ ಎಡಗಾಲಿನ ಮೇಲೆ ಬಿತ್ತು. ಕಾಲು ಉಳಿಯಿತು, ಅದರ ಬಲ ಉಳಿಯಲಿಲ್ಲ. ಅವರು ಆಸೆಪಟ್ಟು ಕೊಂಡ ಹಳೆಯ ವ್ಯಾಗನ್‌ಆರ್ ಗಾಡಿ ಕೆಳಗೆ ನಿಂತಿತ್ತು. ಗೇರಿನ ಗಾಡಿಯಲ್ಲಿ ಎಡಗಾಲಿಗಿರುವುದು ಒಂದೇ ಕೆಲಸ, ಕ್ಲಚ್ ಒತ್ತುವುದು. ಆ ಒಂದೇ ಕೆಲಸ ಅವರಿಂದ ಆಗದಾಯಿತು.

ವಾರವಾರ ನೌಪಾಡಾದ ಡಾಕ್ಟರ ಹತ್ತಿರ ಕಾಲಿನ ವ್ಯಾಯಾಮಕ್ಕೆ ಹೋಗಬೇಕು. ನಮ್ಮ ಲೋಕಲ್ ರೈಲಿನಲ್ಲಿ ಎರಡೂ ಕಾಲು ಗಟ್ಟಿಯಿದ್ದವರಿಗೇ ನಿಲ್ಲಲು ಜಾಗವಿಲ್ಲ. ಹಾಗಾಗಿ ಗಾಡಿಯ ಕೀಲಿ ಅಪ್ಪಾಸಾಹೇಬರ ತಮ್ಮ ಶಶಿಕಾಂತನ ಕೈಗೆ ಹೋಯಿತು. ಒಮ್ಮೆ ಹೋದದ್ದು ಅಲ್ಲೇ ಉಳಿಯಿತು. ‘ನಿಂತ ಗಾಡಿ ಕೆಡ್ತದ’ ಎಂದು ದಿನವೂ ಅವನೇ ಓಡಿಸಿದ. ಹಿಂದಿನ ಸೀಟಿನಲ್ಲಿ ಅವನ ಜಿಮ್ಮಿನ ಟವೆಲ್ ಬಂದು ಕೂತಿತು. ಅಣ್ಣನನ್ನು ಡಾಕ್ಟರ ಹತ್ತಿರ ಕರೆದೊಯ್ಯುವ ದಿನ ಮಾತ್ರ ಅವನಿಗೆ ನೂರೆಂಟು ಕೆಲಸ.

ಒಂದು ಬೆಳಿಗ್ಗೆ ಅಪ್ಪಾಸಾಹೇಬರು ಇಸ್ತ್ರಿ ಅಂಗಿ ಹಾಕಿಕೊಂಡು, ಕೋಲು ಹಿಡಿದು, ವಾಚ್‌ಮನ್ನನ ಕುರ್ಚಿಯಲ್ಲಿ ಕಾಯುತ್ತ ಕೂತರು. ನಾನು ತರಕಾರಿಗೆ ಹೋಗುವಾಗ ಕೂತಿದ್ದರು, ಬರುವಾಗಲೂ ಕೂತಿದ್ದರು. ಮಧ್ಯಾಹ್ನದ ಬಿಸಿಲು ಮುಖದ ಮೇಲೆ ಬಿದ್ದಾಗ ವಾಚ್‌ಮನ್ನನೇ ಕುರ್ಚಿಯನ್ನು ನೆರಳಿಗೆ ಸರಿಸಿದ. ಶಶಿಕಾಂತ ಅಂದು ಗೆಳೆಯರನ್ನು ತುಂಬಿಕೊಂಡು ಸಾನಪಾಡಾಕ್ಕೆ ಹೋಗಿದ್ದ, ಫೋನು ಕೂಡ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ರುದ್ರವ್ವ ಮಾತ್ರ ಗಂಡನ ಕೈ ಹಿಡಿದು ಒಳಗೆ ಕರೆದೊಯ್ದಳು. ಸಂಜೆ ನನ್ನ ಮನೆಗೆ ಬಂದಳು.

“ಅಕ್ಕಾರ, ನಾ ಗಾಡಿ ಕಲೀತೀನ್ರಿ. ಇನ್ನ ಅವನ ಮುಂದ ಕೈ ಚಾಚೂದಿಲ್ಲ.”

ಜೊತೆಗೇ ಬಂದಿದ್ದ ಅವಳ ಮಗಳು ವೈಶಾಲಿ ಇಲ್ಲೇ ಹುಟ್ಟಿ ಬೆಳೆದವಳು. ಅವ್ವ ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುವವಳು. “ಆಯೀ, ಆಟೋಮ್ಯಾಟಿಕ್ ಘೇ ನಾ!” ಎಂದಳು. ಕ್ಲಚ್ಚಿಲ್ಲದ ಗಾಡಿ ತಗೋ ಎಂದು. ರುದ್ರವ್ವ ಕಿಟಕಿಯಿಂದ ಕೆಳಗೆ ಕೈ ತೋರಿಸಿದಳು. “ಗಾಡಿ ಐತಲ್ಲ. ಅದರಾಗ ಗೇರ್ ಐತಿ. ನಾ ಗೇರ್ ಕಲೀತೀನಿ.”

ಅತ್ತಿಗೆ ಗಾಡಿ ಕಲಿಯುವ ಸುದ್ದಿ ಕೇಳಿ ಶಶಿಕಾಂತ ಬಿದ್ದು ಬಿದ್ದು ನಕ್ಕ. “ವೈನಿ, ಕಾಲಿಂದೊಂದು, ಕೈಯಿಂದೊಂದು, ಕಣ್ಣಿಂದೊಂದು ಕೆಲಸ ಐತ್ರಿ ಅದರಾಗ. ನಿಮ್ಮ ಕಡೆಯಿಂದ ಆಗೂದಿಲ್ಲ ಬಿಡ್ರಿ.”

ಅವಳು ಬಿಡಲಿಲ್ಲ. ಹತ್ತಿರದ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಒಬ್ಬಳೇ ಹೋಗಲು ಸಂಕೋಚವೆಂದು ನನ್ನನ್ನು ಹಿಂದಿನ ಸೀಟಿಗೆ ಎಳೆದುಕೊಂಡು ಹೋದಳು. ಸೈಕಲ್ ಕೂಡ ಬಾರದ ನಾನು ಕಾರಿನ ಪಾಠ ಕೇಳಿದೆ. ಮಾಸ್ತರ ಮರಾಠಿಯವನು, ಬಾಯಲ್ಲಿ ಸದಾ ಗುಟ್ಕಾ. “ಮಾವಶಿ, ತುಮ್ಹೀ ಫಕ್ತ ಸ್ಟಿಯರಿಂಗ್ ಸಾಂಭಾಳಾ. ಬಾಕಿ ಮೀ ಆಹೆ,” ಅನ್ನುವುದೇ ಅವನ ಪಾಠ. ನೀವು ಸ್ಟಿಯರಿಂಗ್ ನೋಡಿಕೊಳ್ಳಿ, ಮಿಕ್ಕಿದ್ದಕ್ಕೆ ನಾನಿದ್ದೇನೆ. ಗಾಡಿ ಬೆಣ್ಣೆಯಂತೆ ಹೋಗುತ್ತಿತ್ತು. ರಿಕ್ಷಾ ಅಡ್ಡ ಬಂದರೆ ತಾನಾಗಿ ನಿಲ್ಲುತ್ತಿತ್ತು, ದಾರಿ ಬಿಟ್ಟರೆ ತಾನಾಗಿ ಹೊರಡುತ್ತಿತ್ತು. ಕಲ್ಯಾಣದಲ್ಲಿ ಪರೀಕ್ಷೆಯ ದಿನವೂ ಅದೇ ಗಾಡಿ, ಪಕ್ಕದಲ್ಲಿ ಅದೇ ಮಾಸ್ತರ. ಲೈಸೆನ್ಸ್ ಬಂತು. ರುದ್ರವ್ವ ಸೊಸೈಟಿಗೆಲ್ಲ ಪೇಢೆ ಹಂಚಿದಳು, ಶಶಿಕಾಂತನಿಗೂ ಕೊಟ್ಟಳು.

ಮರುದಿನ ತನ್ನ ಗಾಡಿಯಲ್ಲಿ ಕೂತಳು. ಎರಡನೆಯ ಕೀಲಿ ಅವಳ ಕಪಾಟಿನಲ್ಲೇ ಇತ್ತು. ಗಾಡಿ ಕೆಮ್ಮಿತು, ಹಾರಿತು, ಆರಿತು. ಮತ್ತೆ ಚಾಲೂ ಮಾಡಿದಳು, ಮತ್ತೆ ಆರಿತು. ಬಾಲ್ಕನಿಗಳೆಲ್ಲ ತುಂಬಿದವು. ಪೇಢೆ ತಿಂದವರೇ ನಕ್ಕರು. ಶಶಿಕಾಂತ ಮೊಬೈಲಿನಲ್ಲಿ ವೀಡಿಯೊ ಮಾಡಿದ. ಅಪ್ಪಾಸಾಹೇಬರು ಕೋಲು ನೆಲಕ್ಕೆ ಕುಟ್ಟಿ, “ಸಾಕ್ ಮಾಡಿನ್ನ, ಇಳಿ!” ಎಂದು ಕೂಗಿದರು. ಹಿಂದಿನ ಸೀಟಿನಲ್ಲಿದ್ದ ನನಗೆ ನಾಚಿಕೆಯಿಂದ ಎಲ್ಲಿಯಾದರೂ ಅಡಗಿಕೊಳ್ಳೋಣ ಅನ್ನಿಸಿತು.

ಅವಳು ಇಳಿಯಲಿಲ್ಲ. ಪಕ್ಕದ ಸೀಟಿನ ಕೆಳಗೆ ಬಗ್ಗಿ ನೋಡಿದಳು. ಅಲ್ಲಿ ಬರೇ ಕಾಲೊರಸು ಇತ್ತು.

“ಅಕ್ಕಾರ, ಮಾಸ್ತರನ ಕಡೆ ಬ್ಯಾರೆ ಕ್ಲಚ್ ಇತ್ತಲ್ರಿ, ಬ್ಯಾರೆ ಬ್ರೇಕ್ ಇತ್ತಲ್ಲ. ಇಷ್ಟ್ ದಿನಾ ಗಾಡಿ ನಡಸಿದ್ದು ಅಂವ. ನಾ ಬರೇ ಚಕ್ರ ಹಿಡದಿದ್ದೆ.”

ಹೌದಲ್ಲ! ಕಲಿಸುವ ಗಾಡಿಯಲ್ಲಿ ಮಾಸ್ತರನ ಕಾಲಿನ ಕೆಳಗೂ ಒಂದು ಜೊತೆ ಪೆಡಲ್ ಇರುತ್ತದೆ. ಅವಸರದ ಮಾಸ್ತರ ತಾನೇ ಒತ್ತುತ್ತಾನೆ, ತಾನೇ ಬಿಡುತ್ತಾನೆ. ಕಲಿಯುವವರು ತಾವೇ ಓಡಿಸಿದೆವೆಂದು ಖುಷಿಪಡುತ್ತಾರೆ. ನಮ್ಮ ಸೊಸೈಟಿಯಲ್ಲೇ ಹೀಗೆ ಲೈಸೆನ್ಸ್ ಪಡೆದು ಕಪಾಟಿನಲ್ಲಿಟ್ಟವರು ಎಷ್ಟು ಜನವೋ. ಬಾಲ್ಕನಿಯಲ್ಲಿ ನಿಂತು ನಕ್ಕವರಲ್ಲೂ ಇದ್ದರು.

ರುದ್ರವ್ವ ಸೀದಾ ಸ್ಕೂಲಿಗೆ ನಡೆದಳು. ಮಾಸ್ತರ ಗಾಡಿ ತೆಗೆದ. ಅವಳು ಕೈ ಅಡ್ಡ ಹಿಡಿದಳು. “ಮಾಸ್ತರ, ಚಪ್ಪಲ್ ತಗೀರಿ. ಕಾಲ್ ಮ್ಯಾಲ ತಗೋರಿ.”

“ಕಾಯ್?” ಏನು ಎಂದು ಕೇಳಿದ ಅವನು.

ಅವಳಿಗೆ ಬರುವ ಮರಾಠಿ, ಹಿಂದಿ, ಕನ್ನಡ ಎಲ್ಲ ಸೇರಿಸಿ ತಿಳಿಸಿ ಹೇಳಿದಳು. ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಕೊಳ್ಳಬೇಕು. ಕಾಲು ಕೆಳಗೆ ಇಳಿದರೆ ಪಾಠ ಅಲ್ಲಿಗೇ ನಿಂತಿತು. ಆಮೇಲೆ ತಾನು ಸ್ಕೂಲಿನ ಬೋರ್ಡಿನ ಕೆಳಗೆ ನಿಂತು, ಬಂದಬಂದವರಿಗೆ ಇಲ್ಲಿ ಏನು ಕಲಿಸುತ್ತಾರೆ ಎಂದು ಹೇಳುತ್ತೇನೆ ಎಂದಳು. ದನಿ ಏರಲೇ ಇಲ್ಲ. ಮಾಸ್ತರ ನನ್ನ ಮುಖ ನೋಡಿದ. “ಅವಳು ನಿಲ್ಲುವವಳೇ ಮಾರಾಯ,” ಎಂದೆ. ಅವನಿಗೆ ಕನ್ನಡ ಅರ್ಥವಾಗದಿದ್ದರೂ ವಿಷಯ ಅರ್ಥವಾಯಿತು.

ಆಮೇಲಿನ ದಿನಗಳಲ್ಲಿ ಎಂಐಡಿಸಿಯ ಖಾಲಿ ರಸ್ತೆಗಳಲ್ಲಿ ಓಡಾಡಿದವರು ನೋಡಿರಬಹುದು. ಊಟಕ್ಕೆ ಕೂತವನ ಹಾಗೆ ಕಾಲು ಮಡಚಿ, ಡ್ಯಾಶ್‌ಬೋರ್ಡು ಗಟ್ಟಿಯಾಗಿ ಹಿಡಿದು, ದೇವರ ಹೆಸರು ಹೇಳುತ್ತಿದ್ದ ಡ್ರೈವಿಂಗ್ ಮಾಸ್ತರ. ಕಾಲು ಕಟ್ಟಿಹೋದ ಮೇಲೆ ಅವನ ಬಾಯಿ ಬಿಟ್ಟಿತು, ನಿಜವಾದ ಪಾಠ ಹೊರಗೆ ಬಂತು. ಆಕ್ಸಿಲರೇಟರ್ ಮುಟ್ಟಬೇಡಿ, ಬರೇ ಕ್ಲಚ್ಚನ್ನು ನಿಧಾನ ಬಿಡಿ ಎಂದ. ಅರ್ಧಕ್ಕೆ ಬಂದಾಗ ಎಂಜಿನ್ನಿನ ಸದ್ದು ತಗ್ಗಿ ಗಾಡಿ ಸಣ್ಣಗೆ ನಡುಗುತ್ತದೆ. ಅಲ್ಲೇ ಕಾಲು ನಿಲ್ಲಿಸಬೇಕು, ಗಾಡಿ ತಾನಾಗಿ ಹೆಜ್ಜೆ ಇಡುತ್ತದೆ. ರುದ್ರವ್ವ ಬ್ಲೌಸಿನ ಕೊರಳು ತಿರುಗಿಸುವಾಗ ಮಷೀನು ತುಳಿಯುವಷ್ಟು ನಿಧಾನವಾಗಿ ಕಾಲೆತ್ತಿದಳು. ಆರಿತು, ಆರಿತು, ಮತ್ತೆ ಆರಿತು. ಕೊನೆಗೊಂದು ಸಲ ನಡುಗಿತು, ಹೊರಟಿತು. ಅವಳ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಮಾಸ್ತರ ಮಾತ್ರ ಕಾಲು ಜೋಮು ಹಿಡಿದಿದೆ ಎಂದು ಗೋಗರೆಯುತ್ತಿದ್ದ. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದು ಹೊರಡುವುದನ್ನೂ ಅವನಿಂದ ಹಿಂಡಿ ಹಿಂಡಿ ಕಲಿತಳು.

ಇಷ್ಟಾದರೂ ಶಶಿಕಾಂತ ತನ್ನ ಕೀಲಿ ಬಿಡಲಿಲ್ಲ. ಅಣ್ಣನ ಮುಂದೆಯೇ ಮಾತು ತೆಗೆದ. “ನೌಪಾಡಾ ತನಕ ನೀವ ನಡಸ್ಕೊಂಡ್ ಹೋಗ್ರಿ ವೈನಿ, ನಾ ಹಿಂದ ಕೂಡ್ತೀನಿ. ನಡುವ ನಾ ಸ್ಟಿಯರಿಂಗ್ ಹಿಡಿಯೂ ಪ್ರಸಂಗ ಬಂತಂದ್ರ ಎರಡೂ ಕೀಲಿ ನನ್ ಕಡೆ. ಬರ್ಲಿಲ್ಲಂದ್ರ ಮತ್ತ ನಾ ಗಾಡಿ ಮುಟ್ಟೂದಿಲ್ಲ.” ಅಪ್ಪಾಸಾಹೇಬರು ತಮ್ಮನ ಮುಖ ನೋಡಿ, ಹೆಂಡತಿಯ ಮುಖ ನೋಡಿ, “ಹೈವೇ ಐತಿ, ಅಂವ ಇರ್ಲಿ,” ಎಂದರು. ಆ ಮಾತು ಅವಳಿಗೆ ಎಷ್ಟು ನಾಟಿತೋ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೂ “ಆತು,” ಎಂದಳು. ನನಗೆ ನೌಪಾಡಾದಲ್ಲಿ ಕನ್ನಡಕ ಮಾಡಿಸುವುದಿತ್ತು. ಇಲ್ಲದಿದ್ದರೂ ಏನಾದರೊಂದು ಹುಟ್ಟಿಸಿಕೊಳ್ಳುತ್ತಿದ್ದೆ.

ಅಪ್ಪಾಸಾಹೇಬರು ಮುಂದೆ ಅವಳ ಪಕ್ಕದಲ್ಲಿ ಕೂತರು, ನಾನು ಹಿಂದೆ. ಹೈವೇ ಸೇರುವ ಶೀಳ್‌ಫಾಟಾದವರೆಗೆ ತೊಂದರೆಯಾಗಲಿಲ್ಲ. ಅವಳ ಬೆನ್ನ ಹಿಂದೆ ಕೂತಿದ್ದ ಶಶಿಕಾಂತ ಮಾತ್ರ ಬಾಯಿಗೆ ಬ್ರೇಕಿಲ್ಲದೆ, ಎಡಕ್ಕೆ ತಗೋರಿ, ಹಾರ್ನ್ ಹೊಡೀರಿ ಅನ್ನುತ್ತಲೇ ಇದ್ದ. ಮುಂಬ್ರಾ ಬೈಪಾಸಿನ ಏರಿನ ನಡುವೆ ಟ್ರಾಫಿಕ್ ನಿಂತುಬಿಟ್ಟಿತು. ಮುಂದೆ ಕಂಟೇನರ್, ಹಿಂದೆ ಮೂತಿ ತಾಗಿಸುವಷ್ಟು ಹತ್ತಿರ ಒಂದು ಟ್ರೇಲರ್. ಕಂಟೇನರ್ ಮುಂದೆ ಸರಿಯಿತು. ರುದ್ರವ್ವ ಅವಸರದಲ್ಲಿ ಕ್ಲಚ್ ಬಿಟ್ಟಳು. ಗಾಡಿ ಆರಿತು, ಒಂದು ಗೇಣು ಹಿಂದೆ ಜಾರಿ ಬ್ರೇಕಿಗೆ ನಿಂತಿತು. ಟ್ರೇಲರಿನವನು ಕಿವಿ ಹರಿಯುವಂತೆ ಹಾರ್ನ್ ಒತ್ತಿದ. ನಾನು ಸೀಟು ಹಿಡಿದುಕೊಂಡೆ.

“ಆತಲ್ಲ? ಇಳೀರಿ ವೈನಿ!” ಶಶಿಕಾಂತ ಬಾಗಿಲು ತೆಗೆದು ಇಳಿದೇಬಿಟ್ಟ. ಮುಂದೆ ಬಂದು ಅವಳ ಬಾಗಿಲಿನ ಹಿಡಿ ಹಿಡಿದ. “ಇಳೀರಿ, ನಾ ತಗೋತೀನಿ.”

ಅವಳು ಅವನ ಕಡೆ ನೋಡಲೂ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದಳು. ಕೀಲಿ ತಿರುಗಿಸಿದಳು. ಮೊದಲನೆಯ ಗೇರ್ ಹಾಕಿ, ಬಲಗಾಲನ್ನು ಸ್ವಲ್ಪ ಒತ್ತಿ, ಎಡಗಾಲನ್ನು ಎತ್ತುತ್ತ ಬಂದಳು. ಸದ್ದು ತಗ್ಗಿತು, ಗಾಡಿ ನಡುಗಿತು. ಹ್ಯಾಂಡ್‌ಬ್ರೇಕ್ ಇಳಿಸಿದಳು. ಗಾಡಿ ಒಂದಿಂಚೂ ಹಿಂದೆ ಹೋಗದೆ ಏರತೊಡಗಿತು. ಬಾಗಿಲಿನ ಹಿಡಿ ಶಶಿಕಾಂತನ ಕೈಯಿಂದ ಜಾರಿತು.

“ವೈನಿ! ಏ ವೈನಿ!” ನಾಲ್ಕು ಹೆಜ್ಜೆ ಓಡಿದ. ಅವನು ತೆರೆದಿಟ್ಟು ಹೋದ ಬಾಗಿಲನ್ನು ನಾನು ಎಳೆದು ಮುಚ್ಚಿದೆ, ಗಟ್ಟಿಯಾಗಿಯೇ ಮುಚ್ಚಿದೆ.

ರುದ್ರವ್ವ ರಸ್ತೆಯಿಂದ ಕಣ್ಣು ತೆಗೆಯದೆ ಗಂಡನನ್ನು ಕೇಳಿದಳು. “ನಿಲ್ಲಸ್ಲೇನ್ರಿ?”

ಅಪ್ಪಾಸಾಹೇಬರು ಹಿಂದೆ ತಿರುಗಿದರು. ಧೂಳಿನಲ್ಲಿ, ಟ್ರೇಲರಿನವನ ಬೈಗುಳ ಕೇಳುತ್ತ ನಿಂತಿದ್ದ ತಮ್ಮನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮುಂದೆ ತಿರುಗಿ ನೆಟ್ಟಗೆ ಕೂತರು.

“ಏರಿನ್ಯಾಗ ನಿಲ್ಲಸಬಾರ್ದು. ಎರಡನೇದು ಹಾಕು.”

ಅವಳು ಆಗಲೇ ಹಾಕಿಯಾಗಿತ್ತು.