ಮೂರೂವರೆ ಗ್ಲಾಸು ಮೈದಾ

ಇವತ್ತು ನಲ್ಲಿ ನೀರು ಹಿಡಿದೆ, ಜೋಳ ಬೀಸಿಸಿಕೊಂಡು ಬಂದೆ, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿದೆ, ಎರಡು ಬಕೆಟ್ ಬಟ್ಟೆ ಒಗೆದೆ. ಒಣಹಾಕುವಾಗ, ಕಮಲಾಪುರದಲ್ಲಿ ನಮ್ಮ ನೆರೆಯವರಾಗಿದ್ದವರು ಬಂದು, ಬಿಸ್ಕೀಟು ಸುಡುವ ಭಟ್ಟಿಯ ಚಾಚಾ ತೀರಿಕೊಂಡರೆಂದು ಹೇಳಿ ಹೋದರು. ಬಟ್ಟೆ ಬಕೆಟ್ಟಿನಲ್ಲೇ ಬಿಟ್ಟು ಕಟ್ಟೆಯ ಮೇಲೆ ಕೂತೆ.

ಚಾಚಾರ ಕೈಗಳಲ್ಲಿ ಮೊಣಕೈವರೆಗೆ ಒಂದೂ ರೋಮವಿರಲಿಲ್ಲ. ಎಲ್ಲ ಭಟ್ಟಿಯ ಬಿಸಿಗೆ ಸುಟ್ಟುಹೋಗಿದ್ದವು. ಉಗುರಿನ ಸಂದಿಯಲ್ಲಿ ಯಾವಾಗಲೂ ಮೈದಾ.

ನಾನು ಮದುವೆಯಾಗಿ ಬಂದಾಗ ನಮ್ಮ ಮನೆ ಕಮಲಾಪುರದಲ್ಲಿತ್ತು. ಈಗಿರುವ ಜೇವರ್ಗಿ ಕಾಲೋನಿಗೆ ಬಂದದ್ದು ಆಮೇಲೆ. ಅಲ್ಲಿ ದೀಪಾವಳಿಗೆ ಹೆಂಗಸರು ಮನೆಯಲ್ಲೇ ಮೈದಾ, ಸಕ್ಕರೆ, ಡಾಲ್ಡಾ ಕಲಸಿ ಒಯ್ದು, ಚಾಚಾರ ಭಟ್ಟಿಯಲ್ಲಿ ನಾನಖಟಾಯಿ ಬಿಸ್ಕೀಟು ಸುಡಿಸುತ್ತಿದ್ದರು. ನಮ್ಮದು ಮೊಟ್ಟೆ ಮುಟ್ಟದ ಆಚಾರದ ಮನೆ. ಅತ್ತೆ ಮೊದಲೇ ಹೇಳಿದ್ದರು: "ಸುಡೋದಷ್ಟ ಅವರದು. ಅವರ ಹಿಟ್ಟಿನ ಡಬ್ಬಿಗೆ ತತ್ತಿ ಮುಟ್ಟಿದ ಕೈ ಹೋಗಿರ್ತಾವ. ಅದರಾಗಿಂದ ಒಂದ ಚಿಟಿಕಿ ಹಿಟ್ಟು ಬಿದ್ರೂ ನಾ ಬಾಯಾಗ ಇಡಂಗಿಲ್ಲ."

ನನ್ನ ಮೊದಲ ದೀಪಾವಳಿ. ಒಂದು ಕಿಲೋ ಮೈದಾಕ್ಕೆ ಅರ್ಧ ಕಿಲೋ ಸಕ್ಕರೆ, ಅರ್ಧ ಕಿಲೋ ಡಾಲ್ಡಾ ಎಂದಿದ್ದರು. ಮನೆಯಲ್ಲಿ ತಕ್ಕಡಿ ಇರಲಿಲ್ಲ. ಅರ್ಧ ಅಂದರೆ ಅರ್ಧ ಎಂದುಕೊಂಡು, ಆರು ಗ್ಲಾಸು ಮೈದಾಕ್ಕೆ ಸಕ್ಕರೆ ಮೂರು ಗ್ಲಾಸು, ಡಾಲ್ಡಾ ಮೂರು ಗ್ಲಾಸು ಹಾಕಿ ಕಲಸಿದೆ. ಚಾಚಾ ಮೊದಲು ಒಂದೇ ಬಿಸ್ಕೀಟನ್ನು ಒಳಗೆ ತಳ್ಳಿ ನೋಡಿದರು. ಅದು ಕರಗಿ ತಗಡಿನ ತುಂಬ ಹರಡಿಕೊಂಡಿತು.

"ಹೊಸ ಸೊಸಿ ಬಿಸ್ಕೀಟ ಮಾಡ್ಯಾಳೋ, ದ್ವಾಸಿನೋ?" ಎಂದಳು ಪಾಳಿಯಲ್ಲಿ ನಿಂತವಳೊಬ್ಬಳು.

"ಹೋದ ವರ್ಷ ನಿಮ್ಮವು ಕಲ್ಲಾಗಿದ್ವು. ನಾ ಯಾರಿಗರೆ ಹೇಳೀನೇನ್ರೀ?" ಎಂದರು ಚಾಚಾ. ಎಲ್ಲರೂ ನಕ್ಕರು, ನಾನೊಬ್ಬಳನ್ನು ಬಿಟ್ಟು.

ನನ್ನ ಅಳತೆ ಕೇಳಿಕೊಂಡು, ತಮ್ಮ ಗ್ಲಾಸಿನಲ್ಲಿ ಒಂದೊಂದನ್ನೇ ತುಂಬಿ ತೂಗಿ ತೋರಿಸಿದರು. "ನೋಡವ್ವಾ, ಮೈದಾ ನೂರಾ ಇಪ್ಪತ್ತೈದು ಗ್ರಾಂ ಬಂತು. ಸಕ್ಕರಿ ಇನ್ನೂರು. ಡಾಲ್ಡಾನೂ ಅಷ್ಟ. ಅರ್ಧ ಅಂದ್ರ ತೂಕದಾಗ ಅರ್ಧ. ಇನ್ನಾ ಮೂರೂವರಿ ಗ್ಲಾಸು ಮೈದಾ ಬೇಕು."

"ನಿಮ್ಮ ಡಬ್ಬಿದ ಹಾಕಿಬಿಡ್ರಿ ಚಾಚಾ, ಯಾರು ನೋಡ್ತಾರ?" ನನಗೆ ಅಳುವೇ ಬಂದಿತ್ತು.

"ಹಾಕೋದೇನು ದೊಡ್ಡದಲ್ಲ. ಅತ್ತಿಯವರು ಎದುರಿಗೆ ಕೂತು ತಿನ್ನೋ ಮುಂದ ನೀವು ಎತ್ತ ನೋಡ್ತೀರಿ? ಹೋಗ್ರಿ, ಮನಿಯಿಂದ ತರ್ರಿ. ಕಡೀಗೆ ಸುಡ್ತೀನಿ."

ಓಡಿದೆ. ಮನೆಯ ಮೈದಾ ತಂದು ಮತ್ತೆ ಕಲಸುವಷ್ಟರಲ್ಲಿ ಉಳಿದವರೆಲ್ಲ ಹೋಗಿದ್ದರು, ಭಟ್ಟಿ ಆರುತ್ತಿತ್ತು. ನನ್ನ ಒಂದು ತಗಡಿಗಾಗಿ ಚಾಚಾ ಮತ್ತೆ ಕಟ್ಟಿಗೆ ಹಾಕಿದರು. ಮಧ್ಯಾಹ್ನ ಕಳೆದಿತ್ತು, ಅವರ ಊಟದ ಗಂಟು ಬಿಚ್ಚಿರಲಿಲ್ಲ.

ಆಮೇಲೆ ಎಷ್ಟು ಹಬ್ಬಕ್ಕೆ ಅಳೆದೆನೋ. ಮೈದಾ ಎಂಟು ಗ್ಲಾಸು, ಸಕ್ಕರೆ ಎರಡೂವರೆ, ಡಾಲ್ಡಾ ಎರಡೂವರೆ. ಕೈ ಸೋತರೂ ಲೆಕ್ಕ ತಪ್ಪಲಿಲ್ಲ.

ಇವತ್ತು ಊಟಕ್ಕೆ ಕೂತಾಗ ಅತ್ತೆಗೆ ಎಲ್ಲ ಹೇಳಿದೆ, ನಾನು ಬೇಡಿಕೊಂಡದ್ದನ್ನೂ.

"ಹಾಕಿದ್ರ ನನಗೇನು ತಿಳೀತಿತ್ತು," ಅಂದರು. ಆಮೇಲೆ ತುತ್ತನ್ನು ತಟ್ಟೆಗೇ ಇಟ್ಟು, "ಪಾಪ, ಹಸಗೊಂಡು ಕೂತಿದ್ರಲ್ಲ," ಅಂದರು.

ರೊಟ್ಟಿ, ಹೆಸರುಕಾಳಿನ ಪಲ್ಯ. ಅತ್ತೆ ಅರ್ಧ ರೊಟ್ಟಿಗೇ ಎದ್ದರು. ಅವರೇ ಮೊದಲು ಮಲಗಿದರು.