ಇಂಗಿನ ಡಬ್ಬಿಯ ಹಿಂಬದಿ

ಗೋಧಿ ನನಗೆ ಆಗದು ಎಂದು ಡಾಕ್ಟರ್ ಹೇಳಿದ ದಿನ ನಾನು ಅಳಲಿಲ್ಲ. ಸಿಟ್ಟು ಬಂತು. ಸೀಲಿಯಾಕ್ ಅಂತೆ ಕಾಯಿಲೆಯ ಹೆಸರು. ಜೀವಮಾನವಿಡೀ ಚಪಾತಿ, ಪಾವ್, ಬಿಸ್ಕತ್ತು, ರವೆ ಇಡ್ಲಿ ಯಾವುದೂ ಇಲ್ಲ, ಒಂದು ಚೂರೂ ಇಲ್ಲ. ದಹಿಸರ್‌ನ ಮನೆಗೆ ಬಂದು ಹೇಳಿದಾಗ ಅಮ್ಮ ಕಾಯಿ ತುರಿಯುವುದನ್ನು ನಿಲ್ಲಿಸಲೂ ಇಲ್ಲ.

"ನಾವು ಉಡುಪಿಯವರು, ಅನ್ನ ಉಣ್ಣುವವರು. ನಮಗೆಂತದ್ದು ಗೋಧಿ ಕಾಯಿಲೆ?" ಎಂದಳು. "ಒಳ್ಳೇದೇ ಆಯ್ತು. ಇನ್ನಾದ್ರೂ ಹೊರಗಿನದ್ದು ತಿನ್ನುವುದು ಬಿಡ್ತಿ."

ಬಿಟ್ಟೆ. ಫೋರ್ಟ್‌ನಲ್ಲಿ ನನ್ನ ಆಫೀಸಿನ ಕೆಳಗೇ ಇರುವ ಉಡುಪಿ ಹೋಟೆಲಿಗೆ ಹನ್ನೊಂದು ವರ್ಷ ಹೋಗುತ್ತಿದ್ದವಳು ಅತ್ತ ತಲೆ ಹಾಕುವುದನ್ನೇ ಬಿಟ್ಟೆ, ಒಂದೇ ಕಾವಲಿಯ ಮೇಲೆ ರವೆ ದೋಸೆಯನ್ನೂ ಹೊಯ್ಯುತ್ತಾರೆಂದು. ಆಫೀಸಿನಲ್ಲಿ ಯಾರದಾದರೂ ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸಿದರೆ "ಥೋಡಾಸಾ ತೋ ಚಲ್ತಾ ಹೈ", ಒಂಚೂರು ತಿಂದರೆ ಏನಾಗದು ಎಂದು ಬಾಯಿಯ ತನಕ ತರುತ್ತಿದ್ದರು. ಮೊದಮೊದಲು ನಕ್ಕು ಬೇಡವೆಂದೆ, ಆಮೇಲೆ ನಗದೆ ಬೇಡವೆಂದೆ. ಅಂಗಡಿಯಲ್ಲಿ ಕೈಗೆ ಸಿಕ್ಕ ಪ್ರತಿ ಪೊಟ್ಟಣವನ್ನೂ ತಿರುಗಿಸಿ ಓದಿದೆ. ಮೂರು ಹೊತ್ತೂ ಅಮ್ಮ ಮಾಡಿದ್ದನ್ನೇ ಉಂಡೆ: ಅನ್ನ, ಸಾರು, ಹುಳಿ, ಮಜ್ಜಿಗೆ.

ಆದರೂ ಹೊಟ್ಟೆ ಸುಮ್ಮನಾಗಲಿಲ್ಲ. ಬೆಳಗಿನ ಲೋಕಲ್‌ನಿಂದ ಅರ್ಧ ದಾರಿಯಲ್ಲೇ ಇಳಿದು, ಸ್ಟೇಷನ್ನಿನ ಆ ಕೊಳಕು ಪಾಯಿಖಾನೆಗೆ ಓಡಬೇಕಾಗುತ್ತಿತ್ತು. ಆರು ತಿಂಗಳ ನಂತರ ರಕ್ತಪರೀಕ್ಷೆಯ ಕಾಗದ ನೋಡಿ ಡಾಕ್ಟರ್ ಕನ್ನಡಕ ತೆಗೆದರು. "ಮೇಡಂ, ಕುಛ್ ತೋ ಖಾ ರಹೀ ಹೈಂ ಆಪ್."

ನಾನು ಏನನ್ನೋ ತಿನ್ನುತ್ತಲೇ ಇದ್ದೇನೆಂದು ಕಳ್ಳಿಯನ್ನು ಹಿಡಿದವರ ದನಿ ಅದು. ಮನೆಯಲ್ಲಿ ಅಮ್ಮನದೂ ಅದೇ ದನಿ: "ನನ್ನ ಹತ್ರ ಸುಳ್ಳು ಯಾಕೆ ಮಾರಾಯ್ತಿ? ಎಂತ ತಿಂದೆ, ಹೇಳು." ಮೈಯೆಲ್ಲ ಉರಿಯಿತು. ನನಗೆ ಮೂವತ್ತೆಂಟು ವರ್ಷ. ನನ್ನ ಬ್ಯಾಗಿನಲ್ಲಿ ಅವಳು ಬಿಸ್ಕತ್ತು ಹುಡುಕುವುದನ್ನು ಕಣ್ಣಾರೆ ಕಂಡೆ. ಹುಡುಕಿ, ಏನೂ ಸಿಗದೆ, ಪಾಪ ಎನ್ನಿಸಿತೋ ಏನೋ, ಮಜ್ಜಿಗೆಗೆ ದೊಡ್ಡ ಚಿಟಿಕೆ ಇಂಗು ಕದಡಿ ತಂದುಕೊಟ್ಟಳು. ಹೊಟ್ಟೆನೋವಿಗೆ ಅವಳ ಮದ್ದು ಅದೊಂದೇ, ನನ್ನ ಬಾಲ್ಯದಿಂದಲೂ.

ಒಂದು ಭಾನುವಾರ ಇಂಗು ಮುಗಿಯಿತು. ಅಮ್ಮ ಯಾವಾಗಲೂ ತಾನೇ ತಂದು, ಗಾಜಿನ ಬಾಟಲಿಗೆ ಸುರಿದು, ಡಬ್ಬಿಯನ್ನು ಎಸೆಯುವವಳು. ಆ ದಿನ ಮಂಡಿನೋವೆಂದು ನನ್ನನ್ನು ಬಿಲ್ಡಿಂಗ್ ಕೆಳಗಿನ ಅಂಗಡಿಗೆ ಕಳಿಸಿದಳು. ಅಭ್ಯಾಸಬಲದಿಂದ ಡಬ್ಬಿ ತಿರುಗಿಸಿದೆ. ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ, ಇಂಗಿಗಿಂತಲೂ ಮೊದಲು, ಗೋಧಿ ಹಿಟ್ಟು ಎಂದಿತ್ತು.

ಮೆಟ್ಟಿಲು ಹೇಗೆ ಹತ್ತಿದೆನೋ. ಡಬ್ಬಿಯನ್ನು ಅಡುಗೆಕಟ್ಟೆಯ ಮೇಲೆ ಕುಕ್ಕಿ, ಅದರಲ್ಲಿ ಗೋಧಿ ಇದೆಯೆಂದು ಹೇಳಿ, "ನೀನೇ ತಿನ್ನಿಸಿದ್ದು" ಎಂದೆ. "ದಿನಾ. ಸಾರಲ್ಲಿ, ಹುಳಿಯಲ್ಲಿ, ಉಪ್ಪಿನಕಾಯಲ್ಲಿ. ಹೊಟ್ಟೆನೋವು ಅಂದಾಗೆಲ್ಲ ಇನ್ನಷ್ಟು. ಕಳ್ಳಿ ಮಾತ್ರ ನಾನು."

ಅವಳಿಗೆ ಗೊತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ. ಅಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದವರು ಬೈಯಲು ಕೈಗೆ ಸಿಗುವುದಿಲ್ಲ, ಅಮ್ಮ ಸಿಕ್ಕಳು.

ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಡಬ್ಬಿ ನೋಡಿದಳು. ಅವಳಿಗೆ ಇಂಗ್ಲಿಷ್ ಓದಲು ಬಾರದು. ಆಮೇಲೆ ಖಾಲಿ ಬಾಟಲಿಯನ್ನು ತೊಳೆದು ಬೋರಲು ಹಾಕಿದಳು.

ಮರುದಿನ ಸಂಜೆ ಆಫೀಸಿನಿಂದ ಬಂದವಳು ಹೊಟ್ಟೆ ಹಿಡಿದುಕೊಂಡು ಕುಳಿತೆ. ಅಮ್ಮ ಎಂದಿನಂತೆ ಎದ್ದು ಮಜ್ಜಿಗೆ ಕಡೆದಳು. ಅವಳ ಕೈ ಕಪಾಟಿನ ತನಕ ಹೋಗಿ ನಿಂತಿತು. ಲೋಟ ಹಿಡಿದುಕೊಂಡೇ ನನ್ನತ್ತ ತಿರುಗಿದಳು.

"ಈಗ ನಿಂಗೆ ಎಂತ ಕೊಡ್ಲಿ ಮಗಾ?"

ಸಿಟ್ಟು ಇನ್ನೂ ಇತ್ತು. ಆ ಬರೀ ಮಜ್ಜಿಗೆಯನ್ನೇ ಅವಳ ಕೈಯಿಂದ ಕಿತ್ತುಕೊಂಡು ಕುಡಿದೆ.